ಬಡಾವಣೆಗೇ ರಾಜಧಾನಿಗಿಂತ ಜಾಸ್ತಿ ವಯಸ್ಸು: ಕಡಲಿನಿಂದ ಎದ್ದು ಬಂದ ತೇಬಿ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ಹೆಸರು ಬರಹದಲ್ಲಿ ಮೊದಲು ಕಾಣಿಸುವುದು 1252ರಲ್ಲಿ. ಅದರ ಉತ್ತರಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ತೇಬಿ ಅಂತ ಒಂದು ಊರಿದೆ. ಇವತ್ತು ಅದು ಸ್ಟಾಕ್‌ಹೋಮಿನ ದೊಡ್ಡ ಬಡಾವಣೆಗಳಲ್ಲಿ ಒಂದು. ಬೆಳಿಗ್ಗೆ ಜನ ರೈಲು ಹತ್ತಿ ನಗರಕ್ಕೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಮನೆಗೆ ಬರುತ್ತಾರೆ. ಆದರೆ 11ನೇ ಶತಮಾನದಲ್ಲೇ ಒಬ್ಬ ಯಜಮಾನ ಇದೇ ತೇಬಿಯ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಇಡೀ ತೇಬಿ ತನ್ನೊಬ್ಬನದೇ ಅಂತ ಬರೆಸಿಕೊಂಡಿದ್ದಾನೆ.

ಸಾಮಾನ್ಯವಾಗಿ ನಗರ ಮೊದಲು ಹುಟ್ಟುತ್ತದೆ, ಅದು ತುಂಬಿ ಹರಿದಾಗ ಸುತ್ತ ಬಡಾವಣೆಗಳು ಏಳುತ್ತವೆ. ಇಲ್ಲಿ ಮಾತ್ರ ಲೆಕ್ಕ ತಿರುಗಿಬಿಟ್ಟಿದೆ. ಯಾಕೆ ಅಂತ ತಿಳಿಯಬೇಕಾದರೆ ರಾಜರ ಕಥೆಗಿಂತ ಮೊದಲು ನೆಲದ ಕಥೆ ಕೇಳಬೇಕು. ಈ ಭಾಗದ ನೆಲ ಕಡಲಿನಿಂದ ಮೇಲೆದ್ದು ಬಂದದ್ದು. ಇನ್ನೂ ಏಳುತ್ತಲೇ ಇದೆ. ಯಾವ ಜಾಗ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದೆ ಅಂತ ಗೊತ್ತಾದರೆ, ಅಲ್ಲಿ ಜನ ಯಾವಾಗಿನಿಂದ ಕಾಲಿಡಲು ಸಾಧ್ಯವಾಯಿತು ಅಂತ ಸುಮಾರಾಗಿ ಹೇಳಿಬಿಡಬಹುದು. ಸಮಾಧಿಗಳು ಎಲ್ಲಿವೆ, ಹೊಲ ಎಲ್ಲಿದೆ, ಚರ್ಚು ಎಲ್ಲಿದೆ, ರೈಲು ಎಲ್ಲಿ ಹೋಯಿತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕುತ್ತಾ ಹೋದರೆ ಕೊನೆಗೆ ಈ ಎತ್ತರದ ಲೆಕ್ಕಕ್ಕೇ ಬಂದು ನಿಲ್ಲುತ್ತೇವೆ.

ಭಾರ ಇಳಿದ ಮೇಲೆ ನೆಲ ಏರಿತು

ಕಳೆದ ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯಾ ಪೂರ್ತಿ ಮಂಜುಗಡ್ಡೆಯ ಅಡಿಯಲ್ಲಿತ್ತು. ಅತಿ ದಪ್ಪ ಇದ್ದ ಕಡೆ ಅದು ಸುಮಾರು 3 ಕಿಲೋಮೀಟರ್‌ನಷ್ಟಿತ್ತು. ಅಷ್ಟು ಭಾರ ಕೂತರೆ ಭೂಮಿಯ ಗಟ್ಟಿ ಚಿಪ್ಪು ಕೆಳಕ್ಕೆ ಬಾಗುತ್ತದೆ. ಅದರ ಕೆಳಗಿನ ಬಿಸಿ ಪದರ ಕಲ್ಲೇ ಆದರೂ ಸಾವಿರಾರು ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಹರಿಯುತ್ತದೆ, ಆದ್ದರಿಂದ ಅದು ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಡುತ್ತದೆ. ಮಂಜುಗಡ್ಡೆ ಕರಗಿದ ಮೇಲೆ ಅದೇ ಪದರ ಮೆಲ್ಲಗೆ ವಾಪಸ್ ಬಂದು ತುಂಬಿಕೊಳ್ಳುತ್ತದೆ. ಹತ್ತಿಯ ಹಾಸಿಗೆ ಮೇಲೆ ತುಂಬ ಹೊತ್ತು ಕೂತು ಎದ್ದರೆ ಗುಂಡಿ ತಕ್ಷಣ ಮಾಯವಾಗುವುದಿಲ್ಲ, ನಿಧಾನಕ್ಕೆ ಉಬ್ಬಿಕೊಳ್ಳುತ್ತದೆ ಅಲ್ವಾ, ಹಾಗೆ. ಅಲ್ಲಿ ನಿಮಿಷಗಳ ಮಾತು, ಇಲ್ಲಿ ಹತ್ತು ಸಾವಿರ ವರ್ಷಗಳ ಮಾತು.

ಭಾರ ಹೆಚ್ಚು ಕೂತಿದ್ದ ಉತ್ತರ ಸ್ವೀಡನ್ನಿನ ಕರಾವಳಿಯಲ್ಲಿ ನೆಲ ಈಗಲೂ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಏರುತ್ತಿದೆ. ಸ್ಟಾಕ್‌ಹೋಮ್ ಸುತ್ತಮುತ್ತ ಇದರ ಅರ್ಧ, ಅಂದರೆ ವರ್ಷಕ್ಕೆ ಸುಮಾರು 5 ಮಿಲಿಮೀಟರ್. ಅಂಥ ದೊಡ್ಡ ಸಂಖ್ಯೆ ಅನ್ನಿಸದಿರಬಹುದು. ಆದರೆ ಒಂದು ಸಾವಿರ ವರ್ಷಕ್ಕೆ ಲೆಕ್ಕ ಹಾಕಿ: 5 ಮೀಟರ್ ಆಗುತ್ತದೆ. ತಗ್ಗು ಕಣಿವೆಗಳ ನಾಡಿನಲ್ಲಿ 5 ಮೀಟರ್ ಅಂದರೆ ಇಡೀ ನಕ್ಷೆಯೇ ಬದಲಾಗುತ್ತದೆ.

ಈ ಭಾಗದಿಂದ ಮಂಜುಗಡ್ಡೆ ಹಿಂದೆ ಸರಿದದ್ದು ಸುಮಾರು 11,000 ವರ್ಷಗಳ ಹಿಂದೆ. ಆಗ ಸಮುದ್ರದ ನೀರು ಇಂದಿನ ಮಟ್ಟಕ್ಕಿಂತ 150 ಮೀಟರ್‌ನಷ್ಟು ಎತ್ತರದಲ್ಲಿತ್ತು. ಸ್ಟಾಕ್‌ಹೋಮಿನ ದಕ್ಷಿಣಕ್ಕಿರುವ ತೂರ್ನ್‌ಬೆರ್ಯೆಟ್ ಗುಡ್ಡ ಈ ಸುತ್ತಿನಲ್ಲೆಲ್ಲ ಎತ್ತರದ್ದು, ಅದೇ 111 ಮೀಟರ್. ಅಂದರೆ ಮಂಜುಗಡ್ಡೆ ಹೋದಾಗ ಇಲ್ಲಿ ಒಣ ನೆಲ ಅನ್ನುವುದೇ ಇರಲಿಲ್ಲ. ಇವತ್ತು ತೇಬಿಯಲ್ಲಿ ಯಾವ ಬಂಡೆಯ ಮೇಲೆ ಹತ್ತಿ ನಿಂತರೂ ಅದು ಒಂದು ಕಾಲಕ್ಕೆ ಕಡಲಿನ ತಳ.

ಮೊದಲು ತಲೆ ಎತ್ತಿದ್ದು ಗುಡ್ಡಗಳ ನೆತ್ತಿ. ಬಯಲು ಕಡಲಿನಲ್ಲಿ ಚದುರಿದ ಸಣ್ಣ ಸಣ್ಣ ನಡುಗಡ್ಡೆಗಳು. ಆಮೇಲೆ ಅವು ಒಂದಕ್ಕೊಂದು ಅಂಟಿಕೊಂಡವು, ನಡುವಿನ ನೀರು ಕೊಲ್ಲಿಯಾಯಿತು, ಕೊಲ್ಲಿಯ ಬಾಯಿ ಮುಚ್ಚಿ ಸರೋವರವಾಯಿತು, ಸರೋವರದ ಅಂಚು ಜೌಗಾಯಿತು, ಜೌಗು ಹುಲ್ಲುಗಾವಲಾಯಿತು. ಕೆಲವು ಅಂಕಿಗಳನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದು ಸುಲಭ. 4,000 ವರ್ಷಗಳ ಹಿಂದೆ ನೀರು ಇಂದಿಗಿಂತ ಸುಮಾರು 25 ಮೀಟರ್ ಮೇಲಿತ್ತು. 2,000 ವರ್ಷಗಳ ಹಿಂದೆ ಸುಮಾರು 10 ಮೀಟರ್. ವೈಕಿಂಗರ ಕಾಲದಲ್ಲಿ, ಅಂದರೆ 1000ದ ಇಸವಿಯ ಆಸುಪಾಸಿನಲ್ಲಿ, ಸುಮಾರು 5 ಮೀಟರ್.

ಸ್ಟಾಕ್‌ಹೋಮ್ ತಡವಾಗಿ ಹುಟ್ಟಿದ್ದೂ ಇದೇ ಕಾರಣಕ್ಕೆ. ಇಂದಿನ ಮೇಲರೆನ್ ಸರೋವರ ವೈಕಿಂಗರ ಕಾಲದಲ್ಲಿ ಸರೋವರವಾಗಿರಲಿಲ್ಲ, ಬಾಲ್ಟಿಕ್ ಕಡಲಿನ ಉದ್ದನೆಯ ಒಳಕೊಲ್ಲಿಯಾಗಿತ್ತು. ಹಡಗುಗಳು ಒಳನಾಡಿಗೆ ಸಲೀಸಾಗಿ ಹೋಗುತ್ತಿದ್ದವು. ನೆಲ ಏರಿ, ಸುಮಾರು 1200ರ ಹೊತ್ತಿಗೆ ಆ ಕೊಲ್ಲಿ ಕಡಲಿನಿಂದ ಬೇರೆಯಾಗತೊಡಗಿತು. ಒಳಗಿನ ನೀರು ಹೊರಗಿನ ಕಡಲಿಗೆ ಇಳಿಯುವ ಇಕ್ಕಟ್ಟಾದ ಬಾಯಿ ಒಂದು ಕಡೆ ಉಳಿಯಿತು. ಸರಕು ಇಳಿಸಬೇಕಾದ, ಸುಂಕ ಕಟ್ಟಬೇಕಾದ, ಕಾವಲು ಹಾಕಬೇಕಾದ ಜಾಗ ಅದು. ಅಲ್ಲೇ ಸ್ಟಾಕ್‌ಹೋಮ್ ಬೆಳೆಯಿತು. ತೇಬಿಯ ಹೊಲಗಳಿಗೆ ಅಷ್ಟು ಹೊತ್ತಿಗೆ ಸಾವಿರ ವರ್ಷ ದಾಟಿತ್ತು.

ಬಂಡೆ, ಜೇಡಿಮಣ್ಣು, ಹುಲ್ಲು

ತೇಬಿಯ ನೆಲ ಚಪ್ಪಟೆಯೂ ಅಲ್ಲ, ಬೆಟ್ಟಗುಡ್ಡವೂ ಅಲ್ಲ. ಬಹಳ ಹಳೆಯ ಗ್ರಾನೈಟ್ ಮತ್ತು ನೈಸ್ ಕಲ್ಲಿನ ಹಾಸು ಅಡ್ಡಾದಿಡ್ಡಿ ಬಿರುಕು ಬಿಟ್ಟಿದೆ. ಮಂಜುಗಡ್ಡೆ ಆ ಬಿರುಕುಗಳನ್ನು ಕೆರೆದು ಅಗಲ ಮಾಡಿತು. ಹಾಗಾಗಿ ಕಾಡು ಬೆಳೆದ ಬಂಡೆ ದಿಬ್ಬ, ಪಕ್ಕದಲ್ಲೇ ಸಣ್ಣ ಕಣಿವೆ, ಮತ್ತೆ ದಿಬ್ಬ, ಮತ್ತೆ ಕಣಿವೆ. ಸುಮಾರು 60 ಚದರ ಕಿಲೋಮೀಟರ್ ಇರುವ ಈ ಊರಲ್ಲಿ ಹತ್ತು ನಿಮಿಷ ನಡೆದರೆ ಕಾಲಡಿಯ ನೆಲ ಎರಡು ಮೂರು ಬಾರಿ ಬದಲಾಗುತ್ತದೆ.

ಕಣಿವೆಗಳಲ್ಲಿ ಇರುವುದು ಜೇಡಿಮಣ್ಣು. ಕರಗುತ್ತಿದ್ದ ಮಂಜುಗಡ್ಡೆಯ ನೀರು ಕಲ್ಲಿನ ಹಿಟ್ಟನ್ನು ಹೊತ್ತು ತಂದು ಕಡಲಿನ ತಳದಲ್ಲಿ ಬಿಟ್ಟಿತು. ಬೇಸಿಗೆಯಲ್ಲಿ ನೀರು ಜೋರು, ಹಾಗಾಗಿ ದಪ್ಪ ಕಣ, ತಿಳಿ ಬಣ್ಣ. ಚಳಿಗಾಲದಲ್ಲಿ ನೀರು ನಿಂತು ನಯವಾದ ಕಣ ಮಾತ್ರ ಕೂರುತ್ತದೆ, ಕಡು ಬಣ್ಣ. ಒಂದು ತಿಳಿ ಗೆರೆ, ಒಂದು ಕಡು ಗೆರೆ ಸೇರಿದರೆ ಒಂದು ವರ್ಷ. ಹಳ್ಳ ತೋಡಿದ ಕಡೆ ಮಣ್ಣಿನ ಗೋಡೆ ನಯವಾಗಿ ಕೆರೆದು ನೋಡಿದರೆ ಈ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಸ್ವೀಡನ್ನಿನ ಭೂವಿಜ್ಞಾನಿ ಯೆರಾರ್ಡ್ ದೆ ಯೇರ್ ಸ್ಟಾಕ್‌ಹೋಮ್ ಸುತ್ತಲಿನ ಇಂಥ ಗೆರೆಗಳನ್ನು ಒಂದೊಂದಾಗಿ ಎಣಿಸಿ, ಜಾಗದಿಂದ ಜಾಗಕ್ಕೆ ಹೊಂದಿಸಿ, ಮಂಜುಗಡ್ಡೆ ಯಾವ ವರ್ಷ ಎಲ್ಲಿತ್ತು ಅಂತ ಲೆಕ್ಕ ಕಟ್ಟಿದರು. ಇಂಗಾಲದ ಪರೀಕ್ಷೆಯಿಂದ ಕಾಲ ಅಳೆಯುವ ವಿಧಾನ ಬರುವುದಕ್ಕೆ ದಶಕಗಳ ಮೊದಲಿನ ಕೆಲಸ ಇದು. ಭೂಮಿಯ ಹಳೆಯ ದಿನಚರಿಯನ್ನು ಬೆರಳಿಟ್ಟು ಓದುವ ಇಂಥ ತಾಳ್ಮೆಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಈಗ ರೈತನ ಕಣ್ಣಿನಿಂದ ನೋಡಿ. ಬಂಡೆಯ ನೆತ್ತಿಯಲ್ಲಿ ಮಣ್ಣಿಲ್ಲ. ಕಣಿವೆಯ ತಳದಲ್ಲಿ ನೀರು ನಿಲ್ಲುತ್ತದೆ. ಎರಡರ ನಡುವಿನ ಇಳಿಜಾರಿನಲ್ಲಿ ಕಲ್ಲು ಮರಳು ಬೆರೆತ ಮಣ್ಣು, ನೀರು ಬೇಗ ಬಸಿದು ಹೋಗುತ್ತದೆ. ಮನೆ ಕಟ್ಟಲು ಅದೇ ಸರಿ. ಅದರ ಕೆಳಗೆ ಜೇಡಿಮಣ್ಣಿನ ಹೊಲ, ಇನ್ನೂ ಕೆಳಗೆ ಒದ್ದೆ ಹುಲ್ಲುಗಾವಲು, ಬೆನ್ನ ಹಿಂದೆ ಸೌದೆಗೆ ಮತ್ತು ದನ ಮೇಯಿಸಲು ಕಾಡು. ತೇಬಿಯ ಹಳೆಯ ಒಕ್ಕಲು ಮನೆಗಳು ಹೆಚ್ಚುಕಡಿಮೆ ಎಲ್ಲವೂ ಈ ಅಂಚಿನಲ್ಲೇ ಇವೆ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊಲ ಅಂತ ನಮಗೆ ಅನ್ನಿಸಬಹುದು. ನಿಜವಾಗಿ ಮುಖ್ಯವಾದದ್ದು ಹುಲ್ಲು. ಇಲ್ಲಿ ಚಳಿಗಾಲ ಅಂದರೆ ದನಗಳನ್ನು ಸುಮಾರು ಅರ್ಧ ವರ್ಷ ಕೊಟ್ಟಿಗೆಯಲ್ಲೇ ಕಟ್ಟಿ ಸಾಕಬೇಕು. ಬೇಸಿಗೆಯಲ್ಲಿ ಎಷ್ಟು ಹುಲ್ಲು ಕೊಯ್ದು ಒಣಗಿಸಿ ಇಟ್ಟುಕೊಂಡಿರಿ, ಅಷ್ಟೇ ದನ ಬದುಕುತ್ತವೆ. ದನ ಇದ್ದಷ್ಟು ಗೊಬ್ಬರ. ಗೊಬ್ಬರ ಇದ್ದಷ್ಟು ಬಾರ್ಲಿ. ಹಾಗಾಗಿ ಹೊಲದ ಅಳತೆಯನ್ನು ತೀರ್ಮಾನ ಮಾಡುತ್ತಿದ್ದದ್ದು ಹುಲ್ಲುಗಾವಲು. ನೆಲ ಏರುವುದು ಇಲ್ಲಿ ವರವಾಯಿತು. ಕಡಲು ಹಿಂದೆ ಸರಿದ ಜಾಗದಲ್ಲಿ ಮರ ಇರುವುದಿಲ್ಲ, ಕಲ್ಲು ಆರಿಸಬೇಕಿಲ್ಲ, ಮಣ್ಣು ಫಲವತ್ತು, ಹುಲ್ಲು ತಾನಾಗಿ ಬೆಳೆಯುತ್ತದೆ. ಅಜ್ಜ ಮೀನು ಹಿಡಿದ ಕಡೆ ಮೊಮ್ಮಗನ ಕಾಲಕ್ಕೆ ಕೊಯ್ಯಲು ಹುಲ್ಲು ಸಿಗುತ್ತಿತ್ತು. ಕಾಡು ಕಡಿಯದೆ, ಯಾರ ಜೊತೆಗೂ ಜಗಳ ಆಡದೆ, ಪ್ರತಿ ತಲೆಮಾರಿಗೂ ಒಂದಿಷ್ಟು ಹೊಸ ನೆಲ.

ಕಂಚಿನ ಕಾಲದಿಂದ ಕಬ್ಬಿಣದ ಕಾಲಕ್ಕೆ

ಈ ಪ್ರದೇಶದ ಮೊದಲ ಜನ ಸೀಲ್ ಬೇಟೆಗಾರರು. ಕಡಲಿನ ನಡುವಿನ ಹೊರ ನಡುಗಡ್ಡೆಗಳಿಗೆ ದೋಣಿಯಲ್ಲಿ ಬಂದು ಹೋಗುತ್ತಿದ್ದವರು. ಅವರ ನೆಲೆಗಳು ಇವತ್ತು ಕಡಲಿನಿಂದ ಎಷ್ಟೋ ದೂರ, ಗುಡ್ಡದ ಮೇಲಿನ ಕಾಡಿನಲ್ಲಿ ಸಿಗುತ್ತವೆ. ನಕ್ಷೆ ಮಾತ್ರ ನೋಡಿದರೆ ಅರ್ಥವೇ ಆಗುವುದಿಲ್ಲ. ಎತ್ತರದ ಗೆರೆಯನ್ನು ಸೇರಿಸಿ ನೋಡಿದರೆ ಅವೆಲ್ಲ ಅಂದಿನ ದಡದಲ್ಲೇ ಇವೆ.

ಕಂಚಿನ ಕಾಲದವರು ಸತ್ತವರಿಗೆ ಗುಡ್ಡದ ನೆತ್ತಿಯಲ್ಲಿ ಕಲ್ಲುಗಳ ರಾಶಿ ಹಾಕಿದರು, ನೀರಿನ ಮೇಲೆ ಹೋಗುವವರಿಗೆ ಕಾಣಲಿ ಅಂತ. ಬಂಡೆಗಳ ಮೇಲೆ ಬಟ್ಟಲಿನಂಥ ಸಣ್ಣ ಗುಳಿಗಳನ್ನೂ ಕೊರೆದರು. ಇಂಥ ಗುಳಿಗಳು ಹೆಚ್ಚಾಗಿ ಹಳೆಯ ಹೊಲದ ಅಂಚಿನ ಬಂಡೆಗಳಲ್ಲಿ ಇರುತ್ತವೆ.

ಕಬ್ಬಿಣದ ಕಾಲಕ್ಕೆ ಬಂದರೆ ಜನ ಕೆಳಗೆ ಇಳಿದಿದ್ದಾರೆ, ಕಣಿವೆಯ ಅಂಚಿಗೆ. ದನಗಳು ಹೊಲಕ್ಕೆ ನುಗ್ಗದಂತೆ ಕಲ್ಲು ಜೋಡಿಸಿ ಉದ್ದಕ್ಕೆ ಗಡಿ ಹಾಕಿದರು. ಕೊಟ್ಟಿಗೆಯಿಂದ ಕಾಡಿನವರೆಗೆ ದನ ಹೊಡೆದುಕೊಂಡು ಹೋಗುವ ದಾರಿ ಅದರ ನಡುವೆ. ಪಾಚಿ ಹಿಡಿದ ಆ ಕಲ್ಲಿನ ಸಾಲುಗಳು ಸ್ವೀಡನ್ನಿನ ಈ ಪೂರ್ವ ಭಾಗದಲ್ಲಿ ಈಗಲೂ ಕಾಡಿನ ಒಳಗೆ ಕಾಣಸಿಗುತ್ತವೆ.

ಪ್ರತಿ ಒಕ್ಕಲಿಗೂ ತನ್ನದೇ ಸಮಾಧಿ ಜಾಗ ಇರುತ್ತಿತ್ತು. ಮನೆಗೆ ಹತ್ತಿರ, ಕಣ್ಣಿಗೆ ಕಾಣುವ ದಿಬ್ಬದ ಮೇಲೆ. ದಹನ ಮಾಡಿ, ಉಳಿದ ಮೂಳೆ ಬೂದಿಯ ಮೇಲೆ ಮಣ್ಣಿನ ದಿಬ್ಬವನ್ನೋ ದುಂಡನೆಯ ಕಲ್ಲಿನ ಹಾಸನ್ನೋ ಮಾಡುತ್ತಿದ್ದರು. ಕಾಗದ ಪತ್ರ ಇಲ್ಲದ ಕಾಲ. ಈ ಹೊಲ ನಮ್ಮದು ಅಂತ ಹೇಳಲು ಇದ್ದ ಸಾಕ್ಷಿ ಅಂದರೆ, ನಮ್ಮ ಹಿರಿಯರು ಇಲ್ಲೇ ಮಲಗಿದ್ದಾರೆ ಅನ್ನುವುದು. ಪಕ್ಕದ ವಾಲೆಂತೂನಾದ ರಿಕೆಬಿಯಲ್ಲಿ ಅಗೆದ 7ನೇ ಶತಮಾನದ ಒಂದು ಸಮಾಧಿಯಲ್ಲಿ ಯಜಮಾನನ ಜೊತೆ ಕುದುರೆ, ನಾಯಿಗಳು, ಬೇಟೆಯ ಹಕ್ಕಿಗಳೂ ಸಿಕ್ಕವು. ಅಂದರೆ ಆ ಹೊತ್ತಿಗೇ ಇಲ್ಲಿ ದೊಡ್ಡ ಕುಳಗಳು ಹುಟ್ಟಿಕೊಂಡಿದ್ದರು.

ಊರ ಹೆಸರುಗಳ ಕೊನೆಯೂ ಈ ಕಾಲದ್ದೇ ಗುರುತು. ಬ್ರೂಬಿ, ಕಾರ್‌ಬಿ, ವಿಗ್ಗ್‌ಬಿ, ಹಾಗ್‌ಬಿ ಎಂಬ ಹೆಸರುಗಳಲ್ಲಿ ಕೊನೆಗೆ ಬರುವ ಬಿ ಅಂದರೆ ಒಕ್ಕಲು ಅಥವಾ ಹಳ್ಳಿ. ವಾಲೆಂತೂನಾ, ಸೊಲೆಂತೂನಾ, ಸಿಗ್‌ತೂನಾ ಎಂಬಂಥವು ಅಧಿಕಾರ ಮತ್ತು ಪೂಜೆಯ ಕೇಂದ್ರಗಳಾಗಿದ್ದ ಜಾಗಗಳು. ಇವತ್ತು ರೈಲು ನಿಲ್ದಾಣದ ಫಲಕದಲ್ಲಿ ಓದುವ ಬಹಳಷ್ಟು ಹೆಸರುಗಳು ಸಾವಿರ ವರ್ಷದ ಹಿಂದಿನ ಯಾವುದೋ ಒಂದು ಮನೆಯ ವಿಳಾಸ.

ನೀರಿನ ದಾರಿಗಳು

ತೇಬಿಯ ನೀರು ಎರಡು ಕಡೆಗೆ ಹರಿಯುತ್ತದೆ. ರೋನಿಂಗೆ ಸರೋವರದ ನೀರು ಪೂರ್ವಕ್ಕೆ, ಸ್ತೂರಾ ವೆರ್ತಾನ್ ಎಂಬ ಬಾಲ್ಟಿಕ್ ಕೊಲ್ಲಿಗೆ ಇಳಿಯುತ್ತದೆ. ವಾಯವ್ಯದಲ್ಲಿರುವ ವಾಲೆಂತೂನಾ ಸರೋವರದ ನೀರು ಹಾಗ್‌ಬಿ ತೊರೆಯಾಗಿ ಪಶ್ಚಿಮಕ್ಕೆ ಹೋಗಿ, ನೊರ್‌ವೀಕೆನ್ ಸರೋವರಕ್ಕೆ ಸೇರಿ, ಅಲ್ಲಿಂದ ಇನ್ನೆರಡು ಸರೋವರ ದಾಟಿ ಮೇಲರೆನ್ ತಲುಪುತ್ತದೆ. ಸಣ್ಣ ಊರಿನ ಒಳಗೇ ನೀರು ಇಬ್ಭಾಗ.

ಇದು ಯಾಕೆ ಮುಖ್ಯ ಅಂದರೆ, ವೈಕಿಂಗರ ಕಾಲದಲ್ಲಿ ದಾರಿ ಅಂದರೆ ಬಹುಪಾಲು ನೀರೇ. 5 ಮೀಟರ್ ಹೆಚ್ಚು ನೀರಿದ್ದಾಗ ಈಗಿನ ಎಷ್ಟೋ ತೊರೆಗಳು ದೋಣಿ ಹೋಗುವ ಕಾಲುವೆಗಳು, ಎಷ್ಟೋ ಸರೋವರಗಳು ಕೊಲ್ಲಿಗಳು. ನಡುವೆ ಒಣ ನೆಲ ಬಂದರೆ ದೋಣಿಯನ್ನು ಎಳೆದುಕೊಂಡೇ ದಾಟುತ್ತಿದ್ದರು. ಈಶಾನ್ಯಕ್ಕೆ ಲೋಂಗ್‌ಹುಂದ್ರಾ ಎಂಬ ಜಲಮಾರ್ಗ ಕಡಲಿನಿಂದ ಉಪ್ಸಾಲದ ಕಡೆಗೆ ಹೋಗುತ್ತಿತ್ತು. ಪಶ್ಚಿಮಕ್ಕೆ ಸಿಗ್‌ತೂನಾ, ಸುಮಾರು 980ರಲ್ಲಿ ಕಟ್ಟಿದ ರಾಜರ ಪಟ್ಟಣ. ವಾಲೆಂತೂನಾ ಸರೋವರದ ಸುತ್ತಲಿನ ಹಳ್ಳಿಗಳು ಈ ಎರಡರ ನಡುವೆ ಸಿಕ್ಕಿದ್ದವು. ಕಡಲು ಹತ್ತಿರ, ಮಾರುಕಟ್ಟೆ ಹತ್ತಿರ, ಮೇವಿಗೆ ಕೊರತೆ ಇಲ್ಲ. ಇವತ್ತಿನ ಹಾಗೆ ಆಗ ಈ ಊರು ಯಾವುದೋ ನಗರದ ಅಂಚಾಗಿರಲಿಲ್ಲ.

ಆ ಸಂಪತ್ತು ಎಲ್ಲಿಂದೆಲ್ಲ ಬಂತು ಅನ್ನುವುದಕ್ಕೆ ವಾಲೆಂತೂನಾದ ಒರ್ಕೆಸ್ತಾ ಚರ್ಚಿನ ಹತ್ತಿರದ ಒಂದು ಕಲ್ಲು ಸಾಕ್ಷಿ. ಬೊರೆಸ್ತಾದ ಉಲ್ಫ್ ಇಂಗ್ಲೆಂಡಿನಲ್ಲಿ ಮೂರು ಸಲ ಕಪ್ಪದ ಹಣ ಪಡೆದ ಅಂತ ಅದರಲ್ಲಿದೆ. ಮೊದಲನೆಯದು ತೋಸ್ತಿ ಕೊಟ್ಟದ್ದು, ಆಮೇಲಿನದು ತೋರ್ಕೆಲ್ ಕೊಟ್ಟದ್ದು, ಕೊನೆಯದು ಕ್ನೂತ್ ಕೊಟ್ಟದ್ದು. ಆ ಕ್ನೂತ್ ಇಂಗ್ಲೆಂಡನ್ನೇ ಗೆದ್ದು ಆಳಿದ ರಾಜ. ಬೇರೆಯವರ ನಾಡನ್ನು ಹೆದರಿಸಿ ಕಿತ್ತುಕೊಂಡ ಬೆಳ್ಳಿ ಅದು, ಅದನ್ನು ಮರೆಯಬಾರದು. ಹಾಗೆ ಹೋಗಿ ಬಂದವನು ಉಳಿದಂತೆ ಇಲ್ಲಿನ ಒಕ್ಕಲಿಗನೇ.

ಕಲ್ಲಿನಲ್ಲಿ ಒಂದು ಮನೆತನ

ರೂನ್ ಕಲ್ಲು ಅಂದರೆ ರೂನ್ ಎಂಬ ಹಳೆಯ ಲಿಪಿಯಲ್ಲಿ ಬರಹ ಕೆತ್ತಿ ನೆನಪಿಗಾಗಿ ನಿಲ್ಲಿಸಿದ ಕಲ್ಲು. ಸ್ವೀಡನ್ನಿನಲ್ಲಿರುವ ಇಂಥ ಸುಮಾರು 2,500 ಕಲ್ಲುಗಳಲ್ಲಿ ಅರ್ಧದಷ್ಟು ಉಪ್‌ಲಾಂಡ್ ಎಂಬ ಈ ಒಂದೇ ಪ್ರಾಂತ್ಯದಲ್ಲಿವೆ. ವಾಲೆಂತೂನಾ ಸರೋವರದ ಸುತ್ತಲೇ ನೂರಕ್ಕೂ ಹೆಚ್ಚು. ಹೆಚ್ಚಿನವು 11ನೇ ಶತಮಾನದವು. ಆಗ ಈ ಜನ ಹೊಸದಾಗಿ ಕ್ರೈಸ್ತರಾಗುತ್ತಿದ್ದರು. ಕಲ್ಲಿನ ಮೇಲೆ ಹಾವಿನಂತೆ ಸುತ್ತಿಕೊಂಡ ಪಟ್ಟಿ, ಪಟ್ಟಿಯೊಳಗೆ ಅಕ್ಷರ, ನಡುವೆ ಶಿಲುಬೆ. ಓದಲು ಸುಲಭವಾಗಲಿ ಅಂತ ಈಗ ಕೆಂಪು ಬಣ್ಣ ತುಂಬಿದ್ದಾರೆ. ಆ ಕಾಲದಲ್ಲೂ ಬಣ್ಣ ಹಚ್ಚುತ್ತಿದ್ದರು ಎಂಬ ಗುರುತುಗಳು ಸಿಕ್ಕಿವೆ.

ತೇಬಿಯ ಬ್ರೂಬಿಯಲ್ಲಿ, ಹಳೆಯ ದಾರಿ ತೊರೆ ದಾಟುವ ಕಡೆ, ಒಂದೇ ಮನೆಯ ಮೂರು ಕಲ್ಲುಗಳಿವೆ. ಒಂದರಲ್ಲಿ ಓಸ್ಟೆನ್ ಮತ್ತು ಎಸ್ಟ್ರಿಡ್ ಎಂಬ ಗಂಡ ಹೆಂಡತಿ ತೀರಿಕೊಂಡ ಮಗ ಗಾಗ್‌ಗಾಗಿ ಕಲ್ಲು ನಿಲ್ಲಿಸಿದ್ದಾರೆ. ಇನ್ನೊಂದನ್ನು ನಿಲ್ಲಿಸಿದವಳು ಎಸ್ಟ್ರಿಡ್ ಒಬ್ಬಳೇ. ಗಂಡ ಓಸ್ಟೆನ್ ಜೆರುಸಲೇಮಿಗೆ ಹೊರಟ, ಗ್ರೀಕರ ನಾಡಿನಲ್ಲಿ ತೀರಿಕೊಂಡ ಅಂತ ಅದರಲ್ಲಿದೆ. ಮೂರನೆಯದರಲ್ಲಿ ಇಂಗೆಫಾಸ್ತ್, ಓಸ್ಟೆನ್, ಸ್ವೇನ್ ಎಂಬ ಮಕ್ಕಳು ಅಪ್ಪನ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಸೇತುವೆ ಮಾಡಿಸಿ, ಮಣ್ಣಿನ ದಿಬ್ಬವನ್ನೂ ಕಟ್ಟಿಸಿದ್ದಾರೆ. ದೇಹ ಗ್ರೀಕರ ನಾಡಿನಲ್ಲೇ ಉಳಿದಿರಬೇಕು. ಮಕ್ಕಳು ಕ್ರೈಸ್ತರು, ಸೇತುವೆ ಕಟ್ಟಿಸಿದ್ದು ಪುಣ್ಯಕ್ಕೆ. ಆದರೂ ತಾತ ಮುತ್ತಾತರ ಪದ್ಧತಿಯ ದಿಬ್ಬ ಬಿಟ್ಟಿಲ್ಲ.

1995ರಲ್ಲಿ ಈ ಕಲ್ಲುಗಳ ಹತ್ತಿರ ಅಗೆದಾಗ ಅದೇ ಕಾಲದ ಕ್ರೈಸ್ತ ಸಮಾಧಿಗಳು ಸಿಕ್ಕವು. ಅದರಲ್ಲಿ ಒಬ್ಬಳು ಆ ಕಾಲಕ್ಕೆ ತುಂಬ ವಯಸ್ಸಾಗಿದ್ದ ಹೆಂಗಸು. ಕಲ್ಲುಗಳ ಲೆಕ್ಕದ ಪ್ರಕಾರ ಮಗನನ್ನೂ ಗಂಡನನ್ನೂ ಕಳೆದುಕೊಂಡು ಬಹಳ ಕಾಲ ಬಾಳಿದವಳು ಎಸ್ಟ್ರಿಡ್. ಹಾಗಾಗಿ ಇದು ಅವಳದೇ ಎಲುಬು ಇರಬೇಕು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಖಚಿತವಾಗಿ ಹೇಳಲು ಸಮಾಧಿಯಲ್ಲಿ ಹೆಸರಿಲ್ಲ. ಆದರೂ ಸಾವಿರ ವರ್ಷದ ಹಿಂದಿನ ಒಬ್ಬ ಗೃಹಿಣಿಯ ಹೆಸರು, ಅವಳ ದುಃಖ, ಪ್ರಾಯಶಃ ಅವಳ ದೇಹವೂ ಒಂದೇ ಜಾಗದಲ್ಲಿ ಸಿಗುವುದು ಬಹಳ ಅಪರೂಪ. ನನಗೆ ತೇಬಿ ಅಂದರೆ ಮೊದಲು ನೆನಪಾಗುವುದು ಅವಳು.

ಅವಳ ಮೊಮ್ಮಗನೇ ಶುರುವಿನಲ್ಲಿ ಹೇಳಿದ ಯಜಮಾನ, ಯಾರ್ಲಬಾಂಕೆ. ಇಂಗೆಫಾಸ್ತನ ಮಗ. ತೇಬಿಯ ಚರ್ಚಿನ ಹತ್ತಿರ, ಜೌಗು ತಗ್ಗಿನ ಮೇಲೆ ಅವನು ಒಂದು ಸೇತುವೆ ಕಟ್ಟಿಸಿದ. ಸೇತುವೆ ಅಂದರೆ ಕಂಬದ ಮೇಲೆ ನಿಂತದ್ದಲ್ಲ. ಕಲ್ಲು ಮಣ್ಣು ತುಂಬಿ ಎತ್ತರಿಸಿದ ಏರಿ, ಉದ್ದ ಸುಮಾರು 150 ಮೀಟರ್, ಅಗಲ 6.5 ಮೀಟರ್. ಎರಡು ಕಡೆಯೂ ನಿಲ್ಲಿಸಿದ ಕಲ್ಲುಗಳ ಸಾಲು, ಎರಡೂ ತುದಿಯಲ್ಲಿ ಎರಡೆರಡು ರೂನ್ ಕಲ್ಲು. ಅವುಗಳಲ್ಲಿ ಎರಡು ಇನ್ನೂ ಅಲ್ಲೇ ಇವೆ. ಒಂದು ದಾಂಡೆರಿಡ್ ಚರ್ಚಿಗೆ ಹೋಗಿದೆ. ಬರಹ ಹೀಗಿದೆ: ಯಾರ್ಲಬಾಂಕೆ ತಾನು ಬದುಕಿರುವಾಗಲೇ ತನ್ನ ನೆನಪಿಗೆ ಈ ಕಲ್ಲುಗಳನ್ನು ನಿಲ್ಲಿಸಿದ, ತನ್ನ ಆತ್ಮಕ್ಕಾಗಿ ಈ ಸೇತುವೆ ಮಾಡಿಸಿದ, ಇಡೀ ತೇಬಿ ಅವನೊಬ್ಬನದೇ ಆಗಿತ್ತು, ದೇವರು ಅವನ ಆತ್ಮವನ್ನು ಕಾಪಾಡಲಿ.

ಯೋಚಿಸಿ ನೋಡಿ, ಈ ಏರಿ ಬೇಕಾದದ್ದೇ ನೆಲ ಏರಿದ ಕಾರಣಕ್ಕೆ. ಕಡಲು ಒಳಗೆ ಬರುತ್ತಿದ್ದ ಕಾಲಕ್ಕೆ ಇಂಥ ತಗ್ಗುಗಳಲ್ಲಿ ದೋಣಿ ಹೋಗುತ್ತಿತ್ತು. ನೀರು ಇಳಿದು ಜೌಗಾದ ಮೇಲೆ ದೋಣಿಯೂ ಹೋಗದು, ಕಾಲೂ ಹೂತುಹೋಗುತ್ತದೆ. ಅದೇ ಹೊತ್ತಿಗೆ ಚರ್ಚು ಬಂತು, ಜನ ವರ್ಷವಿಡೀ ಅಲ್ಲಿಗೆ ನಡೆದು ಹೋಗಬೇಕಾಯಿತು. ದಾರಿ ಮಾಡಿಸಿದವರ ಆತ್ಮಕ್ಕೆ ಒಳ್ಳೆಯದಾಗುತ್ತದೆ ಅಂತ ಪಾದ್ರಿಗಳೂ ಹೇಳುತ್ತಿದ್ದರು. ಉಪ್‌ಲಾಂಡಿನ ಕಲ್ಲುಗಳಲ್ಲಿ ಮತ್ತೆ ಮತ್ತೆ ಸೇತುವೆಯ ಮಾತು ಬರುವುದು ಇದಕ್ಕೇ.

ಯಾರ್ಲಬಾಂಕೆ ಇಷ್ಟಕ್ಕೇ ನಿಲ್ಲಲಿಲ್ಲ. ವಾಲೆಂತೂನಾ ಚರ್ಚಿನಲ್ಲಿರುವ ಇನ್ನೊಂದು ಕಲ್ಲಿಗೆ ಎರಡು ಮುಖ. ಒಂದು ಮುಖದಲ್ಲಿ ಮತ್ತೆ ತೇಬಿ ತನ್ನದು ಎಂಬ ಮಾತು. ಇನ್ನೊಂದು ಮುಖದಲ್ಲಿ ತಾನು ಇಲ್ಲಿ ತಿಂಗ್ ಸೇರುವ ಜಾಗ ಮಾಡಿಸಿದೆ, ಈ ಇಡೀ ಹುಂದಾರೆ ತನ್ನೊಬ್ಬನದು ಎಂಬ ಮಾತು. ತಿಂಗ್ ಅಂದರೆ ಸ್ವತಂತ್ರ ಗಂಡಸರು ಸೇರಿ ವ್ಯಾಜ್ಯ ತೀರ್ಮಾನ ಮಾಡುತ್ತಿದ್ದ ಸಭೆ. ಹುಂದಾರೆ ಅಂದರೆ ಹಲವು ಹಳ್ಳಿಗಳು ಸೇರಿದ ಆಡಳಿತ ವಿಭಾಗ, ಯುದ್ಧಕ್ಕೆ ಜನ ಮತ್ತು ಹಡಗು ಹೊಂದಿಸುತ್ತಿದ್ದದ್ದೂ ಇಂಥ ವಿಭಾಗಗಳ ಲೆಕ್ಕದಲ್ಲೇ. ಒಂದು ಹುಂದಾರೆಯನ್ನು ಒಬ್ಬನೇ ಆಸ್ತಿಯ ಹಾಗೆ ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಬಹುಶಃ ಅವನು ರಾಜನ ಕಡೆಯಿಂದ ಅದರ ಮುಖಂಡನಾಗಿದ್ದ ಎಂಬುದು ಹೆಚ್ಚಿನವರ ಅಭಿಪ್ರಾಯ.

ಅಲ್ಲಿ ತಿಂಗ್ ಮೊದಲೇ ಇತ್ತು ಎನ್ನುವುದು ಇಲ್ಲಿನ ಸ್ವಾರಸ್ಯ. ಸರೋವರದ ಇನ್ನೊಂದು ಕಡೆ ಬೆಲ್‌ಸ್ತಾದಲ್ಲಿ ಕಲ್ಲುಗಳನ್ನು ಜೋಡಿಸಿ ಮಾಡಿದ ತಿಂಗ್ ಅಂಗಳ ಈಗಲೂ ಇದೆ. ಪಕ್ಕದ ಎರಡು ರೂನ್ ಕಲ್ಲುಗಳ ಪ್ರಕಾರ ಉಲ್ಫ್‌ಕೆಲ್, ಆರ್ನ್‌ಕೆಲ್ ಮತ್ತು ಗೀ ಎಂಬವರು ತಂದೆ ಉಲ್ಫನ ನೆನಪಿಗೆ ಅದನ್ನು ಮಾಡಿದರು. ಉಲ್ಫನ ಮಕ್ಕಳು ಮಾಡಿದ್ದಕ್ಕಿಂತ ದೊಡ್ಡ ಸ್ಮಾರಕ ಇನ್ನೊಂದು ಇರಲಾರದು ಅಂತಲೂ ಬರೆಸಿದರು. ಹೆಂಡತಿ ಗೀರಿಡ್ ಗಂಡನನ್ನು ಪ್ರೀತಿಸಿದ್ದಳು ಎಂಬ ಸಾಲೂ ಅಲ್ಲಿದೆ. ಈ ಉಲ್ಫ್ ಬೊರೆಸ್ತಾದವನಲ್ಲ, ತೇಬಿಯ ಸ್ಕೋಲ್‌ಹಾಮ್ರದವನು ಎಂದು ರಿಸ್‌ಬೀಲೆ ಎಂಬಲ್ಲಿನ ರೂನ್ ಕಲ್ಲುಗಳಿಂದ ಊಹಿಸುತ್ತಾರೆ. ಅಂದರೆ ಒಂದು ಮನೆತನ ಮಾಡಿದ ಸಭೆಯನ್ನು ಇನ್ನೊಂದು ಮನೆತನ ತನ್ನ ಕಡೆಗೆ ಎಳೆದುಕೊಂಡಿತು. ಯಾರ್ಲಬಾಂಕೆ ಅದೇ ಮಾತನ್ನು ಕಲ್ಲಿಂದ ಕಲ್ಲಿಗೆ ಯಾಕೆ ಬರೆಸಿದ ಅನ್ನುವುದು ಆಗ ಅರ್ಥವಾಗುತ್ತದೆ. ಎಲ್ಲರೂ ಒಪ್ಪಿದ ಸತ್ಯವಾಗಿದ್ದರೆ ಅಷ್ಟು ಸಲ ಹೇಳಬೇಕಿರಲಿಲ್ಲ.

ಚರ್ಚಿನಿಂದ ರೈಲಿಗೆ

ತೇಬಿಯ ಕಲ್ಲಿನ ಚರ್ಚು 13ನೇ ಶತಮಾನದ್ದು. 1480ರ ದಶಕದಲ್ಲಿ ಆಲ್ಬೆರ್ತುಸ್ ಪಿಕ್ತೋರ್ ಎಂಬ ಚಿತ್ರಗಾರ ಅದರ ಒಳಗಿನ ಕಮಾನುಗಳ ಮೇಲೆಲ್ಲ ಬೈಬಲ್ ಕಥೆಗಳನ್ನು ಬರೆದ. ಸಾವು ಒಬ್ಬ ಮನುಷ್ಯನ ಎದುರು ಕೂತು ಚದುರಂಗ ಆಡುತ್ತಿರುವ ಚಿತ್ರವೂ ಅಲ್ಲಿದೆ, ಅದನ್ನು ನೋಡಲೆಂದೇ ಜನ ಹೋಗುತ್ತಾರೆ. ಆಮೇಲಿನ ಕೆಲವು ಶತಮಾನ ಇಲ್ಲಿ ದೊಡ್ಡ ತಿರುವುಗಳಿಲ್ಲ. 1660ರ ದಶಕದಲ್ಲಿ ದೊಡ್ಡ ಕುಳಗಳ ಕಾಲಕ್ಕೆ ಕೊಲ್ಲಿಯ ದಡದಲ್ಲಿ ನೆಸ್‌ಬಿ ಎಂಬ ಅರಮನೆಯಂಥ ಬಂಗಲೆ ಎದ್ದಿತು. ಅದು 1897ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಲಾಯಿತು.

ನಕ್ಷೆ ಮತ್ತೆ ತಿರುಗಿದ್ದು 1885ರಲ್ಲಿ. ಸ್ಟಾಕ್‌ಹೋಮಿನಿಂದ ರಿಂಬೂ ಪಟ್ಟಣಕ್ಕೆ 891 ಮಿಲಿಮೀಟರ್ ಅಗಲದ ಕಿರಿದಾದ ಹಳಿ ಹಾಕಿದರು. ಬಂಡೆ ಒಡೆಯುವ ಖರ್ಚು ತಪ್ಪಲಿ ಅಂತ ಇಂಥ ಹಳಿಗಳನ್ನು ಆದಷ್ಟು ಕಣಿವೆಗಳ ಉದ್ದಕ್ಕೇ ಹಾಕುತ್ತಿದ್ದರು. ರೂಸ್ಲಾಗ್ಸ್‌ಬಾನನ್ ಅನ್ನುವ ಆ ರೈಲು ಅದೇ ಅಗಲದ ಹಳಿಯ ಮೇಲೆ ಈಗಲೂ ಓಡುತ್ತದೆ. ಹಳೆಯ ತೇಬಿಯ ಹೃದಯ ವಾಯವ್ಯದಲ್ಲಿತ್ತು, ಒಳಗಿನ ಸರೋವರದ ಕಡೆ, ಚರ್ಚಿನ ಹಳ್ಳಿಯಲ್ಲಿ. ರೈಲು ಎರಡಾಗಿ ಒಡೆಯುವ ರೂಸ್ಲಾಗ್ಸ್ ನೆಸ್‌ಬಿ ಇರುವುದು ಆಗ್ನೇಯದಲ್ಲಿ, ನಗರದ ಕಡೆ. ಜನ, ಅಂಗಡಿ, ಹಣ ಎಲ್ಲ ಮೆಲ್ಲಗೆ ಆ ಕಡೆಗೆ ಸರಿಯಿತು.

1960ರ ದಶಕದಲ್ಲಿ ನೆಸ್‌ಬಿದಾಲ್ ಮತ್ತು ಗ್ರಿಂಡ್‌ತೋರ್ಪ್‌ನಲ್ಲಿ ಬಹುಮಹಡಿ ಮನೆಗಳು ಎದ್ದವು. 1968ರಲ್ಲಿ ತೇಬಿ ಸೆಂಟ್ರುಮ್ ಎಂಬ ದೊಡ್ಡ ಅಂಗಡಿ ಸಮುಚ್ಚಯ ತೆರೆಯಿತು. 1960ರಲ್ಲಿ ಶುರುವಾಗಿದ್ದ ಕುದುರೆ ಓಟದ ಮೈದಾನ ಈಗ ಇಲ್ಲ, ಆ ಬಯಲಲ್ಲಿ ಹೊಸ ಬಡಾವಣೆ ಬೆಳೆಯುತ್ತಿದೆ. ಜನಸಂಖ್ಯೆ 70 ಸಾವಿರ ದಾಟಿದೆ. ಇಷ್ಟಾದರೂ ಊರ ಕಟ್ಟಡಗಳು ಹಳೆಯ ಗೆರೆ ಬಿಟ್ಟಿಲ್ಲ. ದೊಡ್ಡ ಕಟ್ಟಡ, ಆಟದ ಬಯಲು, ಹೆದ್ದಾರಿಗಳಿಗೆ ಜೇಡಿಮಣ್ಣಿನ ಚಪ್ಪಟೆ ಕಣಿವೆ ಸಿಕ್ಕಿತು. ಒಂಟಿ ಮನೆಗಳು ಇಳಿಜಾರು ಮತ್ತು ಬಂಡೆ ದಿಬ್ಬ ಹಿಡಿದವು. ಜೇಡಿಯ ಮೇಲೆ ಭಾರದ್ದನ್ನು ಕಟ್ಟಬೇಕಾದರೆ ಆಳಕ್ಕೆ ಕಂಬ ಇಳಿಸಬೇಕು, ಬಂಡೆಯ ಮೇಲೆ ಆ ಚಿಂತೆ ಇಲ್ಲ. ಯಾವ ಕಾಡನ್ನು ಉಳಿಸಿದ್ದಾರೋ ಅಲ್ಲೇ ಹಳೆಯ ಸಮಾಧಿ ದಿಬ್ಬಗಳೂ ಉಳಿದಿವೆ. ಮಕ್ಕಳ ಜಾರುಬಂಡಿಯ ಪಕ್ಕ, ವಾಹನ ನಿಲ್ಲಿಸುವ ಜಾಗದ ಹಿಂದೆ, ಸುಮ್ನೆ ಹುಲ್ಲು ಬೆಳೆದ ಗುಡ್ಡೆಯಂತೆ ಕಾಣುತ್ತವೆ.

ನೆಲ ಏರುವುದು ನಿಂತಿಲ್ಲ, ಆದರೆ ಲೆಕ್ಕ ಈಗ ಬದಲಾಗುತ್ತಿದೆ. ನೆಲ ವರ್ಷಕ್ಕೆ 5 ಮಿಲಿಮೀಟರ್ ಏರಿದರೆ, ಜಗತ್ತು ಬಿಸಿಯಾಗಿ ಸಾಗರಗಳೂ ಸರಾಸರಿ ವರ್ಷಕ್ಕೆ 3ರಿಂದ 4 ಮಿಲಿಮೀಟರ್ ಏರುತ್ತಿವೆ. ಹತ್ತು ಸಾವಿರ ವರ್ಷ ದೂರ ಸರಿಯುತ್ತಾ ಹೋದ ದಡ ಈಗ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಕಡಲು ಏರುವ ವೇಗ ಇನ್ನೂ ಹೆಚ್ಚಿದರೆ ದಡ ಒಳಕ್ಕೆ ಬರಲು ಶುರುವಾಗುತ್ತದೆ. ಹಾಗಾಗಿ ಬಾಲ್ಟಿಕ್ ದಡದ ಹತ್ತಿರ ಹೊಸ ಮನೆಗಳನ್ನು ಸಮುದ್ರಮಟ್ಟದಿಂದ ಕನಿಷ್ಠ 2.7 ಮೀಟರ್ ಮೇಲೆ ಕಟ್ಟಿ ಅಂತ ಸ್ಟಾಕ್‌ಹೋಮ್ ಜಿಲ್ಲಾಡಳಿತ ಸಲಹೆ ಕೊಟ್ಟಿದೆ. ಸ್ತೂರಾ ವೆರ್ತಾನ್ ಕೊಲ್ಲಿಯ ಕಡೆ ಮನೆ ಕಟ್ಟುವವರಿಗೂ ಅನ್ವಯಿಸುವ ಮಾತು ಇದು.